ಎರಡು ತಟ್ಟು

ಮಾರುವವನು ಫೋನಿನಲ್ಲಿ ಬೆಣ್ಣೆ ಸವರುತ್ತಿದ್ದ:
ಚರ್ಮ ಹೊಳೆಯುತ್ತದೆ, ನಿದ್ದೆ ಹತ್ತುತ್ತದೆ,
ವಯಸ್ಸು ಹತ್ತು ವರ್ಷ ಹಿಂದೆ ಸರಿಯುತ್ತದೆ.
ಟೊರ್ಲೇವ್ ಕೇಳಿದ್ದು ಒಂದೇ:
'ಒಳಗಿದ್ದವರೇ ಬಿಚ್ಚಿಕೊಂಡು ಬರಬಹುದೇ?'
ಆ ಕಡೆ ಮೌನ.
ಇವನು ಫೋನ್ ಇಟ್ಟ.

ಹೀಗೆ ನಾಲ್ವರಾದರು.
ಐದನೆಯವಳು, ಓಲೆಸುಂಡ್‌ನ ಹೆಂಗಸು,
ಹೊಗಳದೆ ಕಾಗದ ಕಳಿಸಿದಳು:
ಯಾರು ಪರೀಕ್ಷಿಸಿದರು, ಎಷ್ಟು ಒತ್ತಡಕ್ಕೆ, ಯಾವ ದಿನ;
ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಎರಡು ಕವಾಟ;
ಎಣ್ಣೆ ಬೇಡದ ಕಂಪ್ರೆಸರ್.
ವಾರವಿಡೀ ಓದಿದ,
ಉಯಿಲಿನಲ್ಲಿ ತನ್ನ ಹೆಸರು ಹುಡುಕುವವನ ಹಾಗೆ.

ನನ್ನ ದವಡೆಯ ಗಾಯ ಹಳೆಯದು,
ವಿಕಿರಣ ಸುಟ್ಟು ಹೋದ ಜಾಗ.
ಬರ್ಗನ್ನಿನ ಆಸ್ಪತ್ರೆಯ ಉಕ್ಕಿನ ಕೋಣೆಯಲ್ಲಿ
ಮೂವತ್ತು ಸಲ ಕೂತು ಬಂದಿದ್ದೆ.
ಮಾಗಿತು, ಬಟಾಣಿಯಷ್ಟು ಬಿಟ್ಟು.
'ಮನೆಯದು ಅದರ ತಮ್ಮನಲ್ಲ, ದೂರದ ನೆಂಟ,'
ಅಂದಳು ಡಾಕ್ಟರ್, ಎದೆಯ ಚಿತ್ರ ದೀಪಕ್ಕೆ ಹಿಡಿದು,
ಕಿವಿಯೊಳಗೆ ಇಣುಕಿ.
'ಮಾಗಿಸುತ್ತದೆ ಅನ್ನಲಾರೆ. ಬೇಡ ಅನ್ನಲೂ ಕಾರಣವಿಲ್ಲ.'
ಎಷ್ಟು ನಿಮಿಷ, ಎಷ್ಟು ಒತ್ತಡ, ಬರೆದು ಸಹಿ ಹಾಕಿದಳು.

ಹೌಗೆಸುಂಡ್‌ನಲ್ಲಿ ಡಿಸೆಂಬರ್.
ಎಲ್ಲರ ಕಿಟಕಿಯಲ್ಲೂ ಮೇಣದಬತ್ತಿ,
ನಮ್ಮ ಸ್ಕೀ ಕೋಣೆಯಲ್ಲಿ ಒಂದೂ ಇಲ್ಲ, ಹೀಟರೂ ಇಲ್ಲ.
ಕಂಪ್ರೆಸರ್ ಗ್ಯಾರೇಜಿನಿಂದ ಬಡಗಣ ಕೋಣೆಗೆ ಬಂತು:
'ಕಾರಿನ ಹೊಗೆ ಕುಡಿಯುವೆಯಾ, ಗುನ್ವೋರ್?'
ರಾತ್ರಿಯ ಕ್ರೀಮು ತೊಳೆ, ಮತ್ತೆ ತೊಳೆ.
ನಾನೇ ಹೆಣೆದ ಉಣ್ಣೆಯ ಅಂಗಿ ತೆಗೆ,
ಉಣ್ಣೆ ಕಿಡಿ ಹಾರಿಸುತ್ತದೆ.
ಹತ್ತಿಯ ರಾತ್ರಿಯಂಗಿಯಲ್ಲಿ ನಡುಗುತ್ತ ನಿಂತೆ,
ಎಪ್ಪತ್ತೊಂದರ ಮದುಮಗಳು.
ಫೋನ್ ಕೊಡು. ಗಡಿಯಾರ ಕೊಡು.
ಕಿವಿಯಂತ್ರವೂ, ಅದರೊಳಗೆ ಬ್ಯಾಟರಿಯಿದೆ.
ಅದನ್ನು ಸಾಸರಿನಲ್ಲಿಟ್ಟ. ಲೋಕ ಮುಚ್ಚಿತು.
ಕೊನೆಗೆ ಬೆರಳು ತೋರಿಸಿದ:
ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಕ್ಷೇಮ.

ಜಿಪ್ಪು ಎಳೆದ. ಚೀಲ ಉಬ್ಬಿತು.
ಕಿವಿಯ ಮೇಲೆ ಹೆಬ್ಬೆರಳಿಟ್ಟಂತೆ ಗಾಳಿ;
ನುಂಗಿದೆ, ಮತ್ತೆ ನುಂಗಿದೆ,
ಎಡಗಿವಿ ಹಟ ಹಿಡಿಯಿತು.
ಒಂದು ತಟ್ಟಿದೆ.
ತಕ್ಷಣ ನಿಲ್ಲಿಸಿದ, ಸ್ವಲ್ಪ ಇಳಿಸಿದ, ಕಾದ.
ಇಷ್ಟು ತಾಳ್ಮೆ ಈ ಗಂಡಸಿಗೆ ಎಲ್ಲಿಂದ?
ಪಟ್ ಎಂದು ಕಿವಿ ಬಿಟ್ಟಿತು.

ಅಂಗೈಯಗಲದ ಕಿಟಕಿ. ಅದರಲ್ಲಿ ಅವನ ಮುಖ.
ನಲವತ್ತು ವರ್ಷದ ಹಿಂದೆ ಇದು ತಿರುಗಾಮುರುಗಾ ಇತ್ತು:
ಹಡಗಿನ ಮೇಲಿನ ಉಕ್ಕಿನ ತೊಟ್ಟಿಯಲ್ಲಿ
ಅವನು ಇಪ್ಪತ್ತೆಂಟು ದಿನ ಒತ್ತಡದೊಳಗೆ,
ನಾನು ಹೊರಗೆ, ದಡದಲ್ಲಿ, ಫೋನಿನ ಪಕ್ಕ.
ಹೀಲಿಯಂ ಕುಡಿದ ಗಂಟಲಲ್ಲಿ ಬಾತುಕೋಳಿಯ ದನಿ,
'ಚೆನ್ನಾಗಿದ್ದೇನೆ.'
ನಗುತ್ತಿದ್ದೆ, ಇಟ್ಟಮೇಲೆ ಅಳುತ್ತಿದ್ದೆ.
ಆಮೇಲೆ ಐಲರ್ಟ್. ಯಾರೋ ಒಂದು ಕವಾಟ ಬೇಗ ತಿರುಗಿಸಿದರಂತೆ.
ಅಷ್ಟೇ ಗೊತ್ತು ನನಗೆ.
ಶವಪೆಟ್ಟಿಗೆ ಮುಚ್ಚಿಯೇ ಬಂತು,
ಟೊರ್ಲೇವನ ಬಾಯಿಯೂ.

ಈಗ ಆ ಬಾಯಿ ಆಡುತ್ತಿದೆ.
ಒಂದು ಕೈ ಕವಾಟದ ಮೇಲೆ, ಕಣ್ಣು ಮುಳ್ಳಿನ ಮೇಲೆ,
ಕೇಳದವಳಿಗೆ ಹೇಳುತ್ತಿದ್ದಾನೆ.
ಮೀನು ಡಬ್ಬಿ ಕಾರ್ಖಾನೆಯ ಯಂತ್ರಗಳ ಗದ್ದಲದಲ್ಲಿ
ನಾವು ಹೆಂಗಸರು ಇಪ್ಪತ್ತು ವರ್ಷ
ತುಟಿ ಓದಿಯೇ ಚಾಡಿ ಹೇಳಿಕೊಂಡವರು.
ಇದನ್ನು ಅವನಿಗೆಂದೂ ಹೇಳಿರಲಿಲ್ಲ.
ಐಲರ್ಟ್, ಅಂದ ತುಟಿ.
ಆ ಪಾಳಿ ನನ್ನದು, ಅಂದಿತು.
ಬದಲಾಯಿಸಿಕೊಂಡೆವು,
ನಿನ್ನ ಹುಟ್ಟುಹಬ್ಬಕ್ಕೆ ಮನೆಗೆ ಬರಲೆಂದು.

ಅವನು ತಲೆಯೆತ್ತಿ ನನ್ನ ಕಡೆ ನೋಡಿದ.
ಎರಡು ತಟ್ಟಿದೆ.

ಇಳಿಸುವುದನ್ನು ಇನ್ನೂ ನಿಧಾನಕ್ಕೆ ಮಾಡಿದ.
ಮುಳ್ಳು ಸೊನ್ನೆಗೆ ಬಂದು ಮಲಗುವವರೆಗೆ ಜಿಪ್ಪು ಮುಟ್ಟಲಿಲ್ಲ.
ಕಿವಿಯಂತ್ರ ಹಾಕಿಕೊಂಡು ಕೇಳಿದೆ,
'ಏನೋ ಗೊಣಗುತ್ತಿದ್ದೆಯಲ್ಲ?'
'ನಿಮಿಷ ಎಣಿಸುತ್ತಿದ್ದೆ.'
'ನಾಳೆ ಇನ್ನೂ ಸ್ವಲ್ಪ ಹೊತ್ತು ಇರಲೇ?'
'ಡಾಕ್ಟರ್ ಬರೆದಷ್ಟೇ,' ಅಂದ,
ಉಣ್ಣೆಯ ಅಂಗಿಯನ್ನು ನನ್ನ ಹೆಗಲಿಗೆ ಹೊದಿಸುತ್ತ.